ಎಡಕ್ಕೇ ಹೋಗುವ ಬಾಣ

ಮರದ ಬಿಲ್ಲು ಹಿಡಿದು ಮೂರು ಭಾನುವಾರ ಆಗಿತ್ತು. ನನ್ನ ಬಾಣಗಳೆಲ್ಲ ಗುರಿಯ ಎಡಕ್ಕೇ ಹೋಗಿ ನಾಟುತ್ತಿದ್ದವು. ನಿಲುವು ತಿದ್ದಿಕೊಂಡೆ, ಉಸಿರು ಹಿಡಿದು ನೋಡಿದೆ, ಕೊನೆಗೆ ಕನ್ನಡಕದ ಮೇಲೂ ಅನುಮಾನ ಬಂತು. ಕಲಿಸುವವರು ಒಂದು ಬಾಣವನ್ನು ಕೈಯಲ್ಲಿ ಬಗ್ಗಿಸಿ ನೋಡಿ, "ನಿಮ್ಮ ಬಿಲ್ಲಿಗೆ ಇದು ತುಂಬಾ ಗಟ್ಟಿ ಆಯ್ತು ರೀ" ಅಂದರು. ತಪ್ಪು ನನ್ನದಲ್ಲ ಅನ್ನೋ ಖುಷಿಯಲ್ಲಿ ಆ ರಾತ್ರಿ ಓದಲು ಕೂತವನು ಸೀದಾ 1545ನೇ ಇಸವಿಗೆ ಹೋಗಿ ಬಿದ್ದೆ.

ವಿಷಯ ಏನಂದ್ರೆ, ಹಳೇ ಮಾದರಿಯ ಬಿಲ್ಲಿನಲ್ಲಿ ಬಾಣ ನಟ್ಟನಡುವೆ ಕೂರಲ್ಲ, ಬಿಲ್ಲಿನ ಪಕ್ಕಕ್ಕೆ ಒರಗಿರುತ್ತದೆ. ಹೆದೆ ಹಿಂದಿನಿಂದ ತಳ್ಳಿದಾಗ ಅದು ಬಳುಕಿ, ಬಿಲ್ಲನ್ನು ಬಳಸಿಕೊಂಡು ಮುಂದೆ ಹೋಗಿ, ಆಮೇಲೆ ನೆಟ್ಟಗಾಗುತ್ತದೆ. ಗಟ್ಟಿ ಬಾಣ ಸಾಕಷ್ಟು ಬಳುಕದೆ, ಬಲಗೈಯಲ್ಲಿ ಹೆದೆ ಎಳೆಯುವವರಿಗೆ, ಎಡಕ್ಕೆ ಹೋಗುತ್ತದೆ. ಮೆತ್ತನೆಯದು ಬಲಕ್ಕೆ. ಇವತ್ತು ಮರದ ಬಾಣದ ಕಡ್ಡಿಯನ್ನು 26 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟು, ನಡುವೆ 2 ಪೌಂಡ್ ತೂಗುಹಾಕಿ, ಎಷ್ಟು ಜಗ್ಗಿತು ಅಂತ ಅಳೆಯುತ್ತಾರೆ. ಗಟ್ಟಿ ಇದ್ದರೆ ಭಾರದ ಮೊನೆ ಹಾಕಬೇಕು. ಮೆತ್ತಗಿದ್ದರೆ ಕಡ್ಡಿಯನ್ನು ಚೂರುಚೂರೇ ಕತ್ತರಿಸಬೇಕು (ಕತ್ತರಿಸಿದ್ದು ವಾಪಸ್ ಬರಲ್ಲ, ಅದೂ ಅನುಭವವೇ).

ಈ ಅಳತೆಗಳಿಲ್ಲದ ಕಾಲದಲ್ಲಿ ರೋಜರ್ ಆಸ್ಕಮ್ ಎಂಬ ಇಂಗ್ಲಿಷ್ ಮೇಷ್ಟ್ರು 'ಟಾಕ್ಸೋಫಿಲಸ್' ಎಂಬ ಬಿಲ್ಲುಗಾರಿಕೆಯ ಪುಸ್ತಕ ಬರೆದರು. 1545ರಲ್ಲಿ ಅಚ್ಚಾಯಿತು. ಬಾಣಕ್ಕಾಗುವ 15 ಬಗೆಯ ಮರಗಳನ್ನು ಹೆಸರಿಸುತ್ತಾರೆ. ಬಾಣದ ಎದೆಭಾಗ ದಪ್ಪ ಇರಬೇಕೋ ಸಣ್ಣಗಿರಬೇಕೋ ಅನ್ನೋದು ಹೊಡೆಯುವವನ ರೀತಿಗೆ ತಕ್ಕಂತೆ ಎನ್ನುತ್ತಾರೆ. ನಮ್ಮ ಕೋಚ್ ಹೇಳಿದ್ದೂ ಹೆಚ್ಚುಕಮ್ಮಿ ಇದೇ.

ಅದೇ ವರ್ಷ ಜುಲೈ 19ರಂದು, ಆಸ್ಕಮ್ ಪುಸ್ತಕ ಅರ್ಪಿಸಿದ್ದ ದೊರೆ ಎಂಟನೇ ಹೆನ್ರಿಯ 'ಮೇರಿ ರೋಸ್' ಹಡಗು ಪೋರ್ಟ್ಸ್‌ಮತ್ ಹತ್ತಿರ ಫ್ರೆಂಚರ ಜೊತೆಗಿನ ಕಾಳಗದಲ್ಲಿ ಮುಳುಗಿತು. 1982ರಲ್ಲಿ ಅದರ ಒಡಲನ್ನು ಮೇಲೆತ್ತಿದರು. ಕೆಸರಿನಲ್ಲಿ ಸಿಕ್ಕ ಬಾಣಗಳೇ 3,000ಕ್ಕೂ ಹೆಚ್ಚು. ಜೊತೆಗೆ 24 ತೂತುಗಳ ಚರ್ಮದ ಬಿಲ್ಲೆಗಳು, ತೂತಿಗೊಂದರಂತೆ ಬಾಣ ಸಿಕ್ಕಿಸಿ ಕಟ್ಟು ಮಾಡಲು. ಯಾರ ಬಿಲ್ಲಿಗೆ ಯಾವ ಬಾಣ ಅಂತ ಕೇಳುವ ವ್ಯವಸ್ಥೆಯಂತೂ ಅಲ್ಲಿ ಕಾಣಲ್ಲ. ಕೇಳಬೇಕಾಗಿಯೂ ಇರಲಿಲ್ಲವೇನೋ. ಎದುರಿಗಿರುವುದು ಜನರ ಗುಂಪು, ಎಡಕ್ಕೆ ಹೋದರೆ ಪಕ್ಕದವನಿಗೆ ತಗಲುತ್ತದೆ.

ಹಾಗಾದ್ರೆ ಹೊಂದಿಸಿದ್ದು ಏನನ್ನು? ಆ ಬಿಲ್ಲುಗಳ ಎಳೆತ ಸುಮಾರು 100ರಿಂದ 180 ಪೌಂಡ್ ಎಂದು ಅಂದಾಜು. ಸಿಕ್ಕ ಅಸ್ಥಿಪಂಜರಗಳಲ್ಲಿ ಕೆಲವರ ಭುಜದ ತುದಿಯ ಮೂಳೆ ಬೆಳೆದ ವಯಸ್ಸಲ್ಲೂ ಕೂಡಿಕೊಂಡಿಲ್ಲ. ಚಿಕ್ಕಂದಿನಿಂದ ಬಿಲ್ಲೆಳೆದದ್ದೇ ಇದಕ್ಕೆ ಕಾರಣ ಇರಬಹುದು ಅಂತ ಮೂಳೆಗಳನ್ನು ಪರೀಕ್ಷಿಸಿದ ಆನ್ ಸ್ಟರ್ಲ್ಯಾಂಡ್ ವಾದಿಸಿದರು. ಅದನ್ನು ಓದಿ ಸ್ವಲ್ಪ ಹೊತ್ತು ನನ್ನ ಭುಜ ಮುಟ್ಟಿಕೊಂಡು ಕೂತಿದ್ದೆ. ದೊರೆ ಬಾಣಗಳನ್ನು ಹಾಗೇ ಬಿಟ್ಟು ಹುಡುಗರ ಮೈಯನ್ನೇ ಬಿಲ್ಲಿಗೆ ಹೊಂದಿಸಿದ್ದ. ಹಡಗಿನಲ್ಲಿ ಸುಮಾರು 500 ಜನ ಇದ್ದರು, ಬದುಕಿದವರು ನಲವತ್ತು ಮಂದಿಯೂ ಇಲ್ಲ.

ನನ್ನದು 30 ಪೌಂಡಿನ ಬಿಲ್ಲು. ಭಾರದ ಮೊನೆಗಳಿಗೆ ಆರ್ಡರ್ ಹಾಕಿದ್ದೀನಿ, ಗುರುವಾರ ಬರುತ್ತವಂತೆ.