ತಪ್ಪು ಯಾರದು?

ರಾಯಚೂರು ಯುದ್ಧದ ಪಾಠ ಮಾಡುವಾಗ ನನಗೊಂದು ಅಭ್ಯಾಸವಿತ್ತು. ಬೋರ್ಡಿನ ಮೂಲೆಯಲ್ಲಿ ಮೊದಲೇ ‘ಕೃ. ಎಂದರೆ ಕೃಷ್ಣದೇವರಾಯ’ ಎಂದು ಬರೆದುಬಿಡುತ್ತಿದ್ದೆ. ಮುಂದೆ ‘ಕೃ.’ ಎಂದು ಬಂದಲ್ಲೆಲ್ಲ ಮಕ್ಕಳು ಪೂರ್ತಿ ಹೆಸರು ತುಂಬಿಕೊಳ್ಳಬೇಕು. ಒಂದು ವರ್ಷ ಅವಸರದಲ್ಲಿ ಕೃಷ್ಣಾ ನದಿಗೂ ‘ಕೃ.’ ಎಂದೇ ಗೀಚಿದೆ. ಪರೀಕ್ಷೆಯಲ್ಲಿ ಒಬ್ಬ ಹುಡುಗಿ, ‘ಕೃಷ್ಣದೇವರಾಯ ಮತ್ತು ತುಂಗಭದ್ರಾ ನದಿಗಳ ನಡುವಿನ ಪ್ರದೇಶಕ್ಕಾಗಿ 1520ರಲ್ಲಿ ಯುದ್ಧ ನಡೆಯಿತು’ ಎಂದು ಬರೆದಳು. ನಾನು ಸೊನ್ನೆ ಕೊಟ್ಟೆ. ಸಾಲದ್ದಕ್ಕೆ ತರಗತಿಯಲ್ಲಿ ಗಟ್ಟಿಯಾಗಿ ಓದಿ ಎಲ್ಲರನ್ನೂ ನಗಿಸಿದೆ. ಅವಳೊಬ್ಬಳು ನಗಲಿಲ್ಲ.

ಇದು ಮತ್ತೆ ನೆನಪಾದದ್ದು ನನ್ನ ಮಗಳಿಂದ. ಅವಳದು ಕಂಪ್ಯೂಟರಿನ ಕರ್ನಲ್ ತಿದ್ದುವ ಕೆಲಸ. ಯಂತ್ರದ ನೆನಪು, ಡಿಸ್ಕು, ಕೀಲಿಮಣೆ ಎಲ್ಲವನ್ನೂ ಆಳುವ ಒಳಗಿನ ತಂತ್ರಾಂಶಕ್ಕೆ ಕರ್ನಲ್ ಎಂದು ಹೆಸರು. ಒಂದು ರಾತ್ರಿ ಊಟಕ್ಕೆ ಕರೆದರೂ ಏಳದೆ, ‘ಅಮ್ಮಾ, ಸರಿಯಾಗಿರೋ ಸಾಲನ್ನೇ ತಪ್ಪು ಅಂತಿದೆ’ ಎಂದಳು. ಏನದು ಎಂದು ಕೇಳಿದೆ. ಅವಳು ಹೇಳಿದ್ದು ಒಂದು ಇತಿಹಾಸವೇ ಆಗಿತ್ತು.

ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಡೆನಿಸ್ ರಿಚಿ ‘ಸಿ’ ಭಾಷೆಯನ್ನು ಕಟ್ಟುತ್ತಿದ್ದ ಕಾಲ. 1973ರಲ್ಲಿ ಯುನಿಕ್ಸ್‌ನ ಕರ್ನಲ್ಲನ್ನೇ ಆ ಭಾಷೆಯಲ್ಲಿ ಮತ್ತೆ ಬರೆದರು. ಅದೇ ಹೊತ್ತಿಗೆ, 1972-73ರ ಸುಮಾರಿಗೆ, ಭಾಷೆಗೆ ಪ್ರಿಪ್ರೊಸೆಸರ್ ಎಂಬ ಸಹಾಯಕ ಬಂದ. ಅಲನ್ ಸ್ನೈಡರ್ ಒತ್ತಾಯವೂ ಅದಕ್ಕೆ ಒಂದು ಕಾರಣವಾಗಿತ್ತು. ಮೊದಲು ಅವನಿಗೆ ಎರಡೇ ಕೆಲಸ: ಹೆಡರ್ ಎಂಬ ಸಾಮಾನ್ಯ ಕಡತಗಳನ್ನು ತಂದು ಸೇರಿಸುವುದು, ಮತ್ತು ಒಂದು ಪದ ಕಂಡಲ್ಲಿ ಇನ್ನೊಂದನ್ನು ತುಂಬುವುದು. ಈ ತುಂಬುವ ನಿಯಮವೇ ಮ್ಯಾಕ್ರೊ. ಆಮೇಲೆ ಮೈಕ್ ಲೆಸ್ಕ್ ಮತ್ತು ಜಾನ್ ರೈಸರ್ ಅದನ್ನು ಬೆಳೆಸಿ, ಫಂಕ್ಷನ್ನಿನಂತೆ ಆವರಣದಲ್ಲಿ ಮೌಲ್ಯ ತೆಗೆದುಕೊಳ್ಳುವ ಮ್ಯಾಕ್ರೊಗಳನ್ನೂ ತಂದರು. ಫಂಕ್ಷನ್ನನ್ನು ಕರೆಯುವ ಖರ್ಚು ಉಳಿಯುತ್ತಿತ್ತು. ಅಂದಿನ ಯಂತ್ರಗಳಲ್ಲಿ ಅದು ದೊಡ್ಡ ಉಳಿತಾಯ.

ಆದರೆ ಈ ಸಹಾಯಕನಿಗೆ ವ್ಯಾಕರಣ ಬಾರದು. ಒಂದು ಹೆಡರ್‌ನಲ್ಲಿ ‘ಮ್ಯಾಕ್ಸ್’ ಎಂಬ ಮ್ಯಾಕ್ರೊ ಇದೆ ಎನ್ನಿ. ಆಮೇಲೆ ಬರುವ ಇನ್ನೊಂದು ಹೆಡರ್‌ನಲ್ಲಿ ಯಾರೋ ಅದೇ ಹೆಸರಿನ ಫಂಕ್ಷನ್ ಘೋಷಿಸಿದ್ದಾರೆ. ಘೋಷಣೆಯೋ ಬಳಕೆಯೋ ಎಂದು ನೋಡದೆ ಅವನು ಅಲ್ಲಿಯೂ ಲೆಕ್ಕದ ಸೂತ್ರ ತುಂಬುತ್ತಾನೆ. ಕಂಪೈಲರ್ ಕೂಗುವುದು ಘೋಷಣೆಯ ಸಾಲಿನಲ್ಲಿ. ಮೂಲ ಇರುವುದು ಬೇರೆ ಕಡತದಲ್ಲಿ!

ಯುನಿಕ್ಸ್ ಪರಂಪರೆಯಲ್ಲಿ ಪ್ರತಿ ಸಾಧನಕ್ಕೂ ‘ಮೇಜರ್’, ‘ಮೈನರ್’ ಎಂಬ ಎರಡು ಸಂಖ್ಯೆಗಳಿವೆ. ಲಿನಕ್ಸ್‌ನಲ್ಲಿ ಬಳಕೆಯಾಗುವ ಗ್ಲಿಬ್‌ಸಿ ಗ್ರಂಥಾಲಯದಲ್ಲಿ ಆ ಹೆಸರಿನ ಮ್ಯಾಕ್ರೊಗಳು, ಎಲ್ಲರೂ ಬಳಸುವ ಒಂದು ಹೆಡರ್ ಮೂಲಕ ಕೇಳದೆಯೇ ಒಳಬರುತ್ತಿದ್ದವು. ಆವೃತ್ತಿ ಸಂಖ್ಯೆಗೆಂದು ‘ಮೇಜರ್’ ಫಂಕ್ಷನ್ ಬರೆದವರು ತೊಂದರೆಗೆ ಸಿಕ್ಕುತ್ತಿದ್ದರು. 2017ರಲ್ಲಿ ಗ್ರಂಥಾಲಯದವರು ಎಚ್ಚರಿಕೆ ಕೊಡತೊಡಗಿದರು, 2018ರ 2.28ನೇ ಆವೃತ್ತಿಯಲ್ಲಿ ಆ ಮ್ಯಾಕ್ರೊಗಳನ್ನು ಪ್ರತ್ಯೇಕ ಹೆಡರ್‌ಗೇ ಸೀಮಿತಗೊಳಿಸಿದರು.

ಪರಿಹಾರಗಳೂ ಹಳೆಯವೇ. ಘೋಷಣೆಗೆ ಮುಂಚೆ ಮ್ಯಾಕ್ರೊವನ್ನು ರದ್ದುಮಾಡಬಹುದು. ಇಲ್ಲವೇ ಫಂಕ್ಷನ್ನಿನ ಹೆಸರಿಗೇ ಆವರಣ ಹಾಕಬಹುದು. ಹೆಸರಿನ ಹಿಂದೆಯೇ ತೆರೆದ ಆವರಣ ಕಾಣದಿದ್ದರೆ ಅಂಥ ಮ್ಯಾಕ್ರೊ ತುಂಬಿಕೊಳ್ಳುವುದಿಲ್ಲ. 1989ರ ಅಮೆರಿಕದ ‘ಸಿ’ ಮಾನಕವೂ ಇದನ್ನು ಒಪ್ಪಿದೆ. ಆದರೆ ಅವೆರಡೂ ಪೆಟ್ಟು ಬಿದ್ದ ಕಡೆ ಪಟ್ಟಿ ಕಟ್ಟುವುದು. ಬೇರಿನ ಮದ್ದೆಂದರೆ ಮ್ಯಾಕ್ರೊವನ್ನೇ ತೆಗೆದು ‘ಇನ್‌ಲೈನ್’ ಫಂಕ್ಷನ್ ಬರೆಯುವುದು: ವೇಗವೂ ಉಳಿಯುತ್ತದೆ, ವ್ಯಾಕರಣವೂ ಉಳಿಯುತ್ತದೆ. ಲಿನಕ್ಸ್ ಕರ್ನಲ್‌ನ ಬರವಣಿಗೆಯ ನಿಯಮಗಳೂ ಅದನ್ನೇ ಮೇಲೆನ್ನುತ್ತವೆ.

‘ಹಾಗಾದರೆ ನೀನು ಯಾವುದನ್ನು ತಿದ್ದಿದೆ?’ ಎಂದೆ.

‘ಮ್ಯಾಕ್ರೊ ಬರೆದ ಕಡತವನ್ನೇ. ಘೋಷಣೆ ಬರೆದವರದು ಏನೂ ತಪ್ಪಿರಲಿಲ್ಲ’ ಎಂದಳು.

ನನಗೆ ಅನ್ನ ಗಂಟಲಲ್ಲಿ ಇಳಿಯಲಿಲ್ಲ. ಆ ಹುಡುಗಿ ನಾನು ಹೇಳಿದ ನಿಯಮವನ್ನು ಅಕ್ಷರಶಃ ಪಾಲಿಸಿದ್ದಳು. ತಪ್ಪು ಕಂಡದ್ದು ಅವಳ ಉತ್ತರಪತ್ರಿಕೆಯಲ್ಲಿ, ಇದ್ದದ್ದು ನನ್ನ ಬೋರ್ಡಿನ ಮೂಲೆಯಲ್ಲಿ. ಅವಳೀಗ ಎಲ್ಲಿದ್ದಾಳೋ. ಆ ಅಂಕ ಹಿಂತಿರುಗಿಸುವ ದಾರಿ ನನಗಿಲ್ಲ. ಈಗ ನಾನು ಬೋರ್ಡಿನ ಮೇಲೆ ಕೃಷ್ಣದೇವರಾಯ ಎಂದು ಪೂರ್ತಿ ಬರೆಯುತ್ತೇನೆ. ಸೀಮೆಸುಣ್ಣ ಬೇಗ ಸವೆಯುತ್ತದೆ; ಸವೆಯಲಿ.