ಹಿಗ್ಗುವುದು ಸ್ನಾಯುವೋ, ಸಹನೆಯೋ?

‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?’ ಎಂದು ಹಿರಿಯರು ಕೇಳಿದ್ದು ಮಕ್ಕಳ ನಡವಳಿಕೆಯನ್ನು ಕುರಿತು. ಆದರೆ ನಲವತ್ತು ದಾಟಿದವರು ಮುಂದಕ್ಕೆ ಬಾಗಿ ಕಾಲ್ಬೆರಳು ಮುಟ್ಟಲು ಹೊರಟಾಗ ಆ ಗಾದೆ ಅಕ್ಷರಶಃ ನೆನಪಿಗೆ ಬರುತ್ತದೆ. ಮೊದಲ ದಿನ ಕೈ ಮೊಣಕಾಲಿನ ಸ್ವಲ್ಪ ಕೆಳಗೇ ನಿಂತುಬಿಡುತ್ತದೆ. ಹಟ ಬಿಡದೆ ಕೆಲವು ವಾರ ಅಭ್ಯಾಸ ಮಾಡಿದರೆ ಬೆರಳು ಪಾದದ ಸಮೀಪ ಬರುತ್ತದೆ. ತೊಡೆಯ ಹಿಂಭಾಗದ ಸ್ನಾಯು ಉದ್ದವಾಯಿತು ಎಂದು ವ್ಯಾಯಾಮ ಹೇಳಿಕೊಡುವವರು ವಿವರಿಸುತ್ತಾರೆ. ಯಾರೂ ಅನುಮಾನಿಸುವುದಿಲ್ಲ. ಆದರೆ ನಿಜವಾಗಿ ಹಿಗ್ಗಿದ್ದು ಯಾವುದು? ಸರಳವಾಗಿ ಕಾಣುವ ಈ ಪ್ರಶ್ನೆ ವಿಜ್ಞಾನಿಗಳನ್ನು ನೂರು ವರ್ಷ ಕಾಡಿತು.

ಸ್ವೀಡನ್ನಿನ ಶರೀರಶಾಸ್ತ್ರಜ್ಞ ಮಾಗ್ನಸ್ ಬ್ಲಿಕ್ಸ್ 1890ರ ದಶಕದಲ್ಲಿ ಕಪ್ಪೆಯ ಸ್ನಾಯುವನ್ನು ಎಳೆದು, ಅದರ ಉದ್ದಕ್ಕೂ ಬಲಕ್ಕೂ ಇರುವ ಸಂಬಂಧವನ್ನು ರೇಖೆಗಳಲ್ಲಿ ಗುರುತಿಸಿದರು. ನರದ ಅಪ್ಪಣೆಯಿಲ್ಲದೆ ಸುಮ್ಮನಿರುವ ಸ್ನಾಯುವೂ ಎಳೆತವನ್ನು ವಿರೋಧಿಸುತ್ತದೆ. ಮೊದಮೊದಲು ಸಲೀಸಾಗಿ ಹಿಗ್ಗುತ್ತದೆ, ಹಿಗ್ಗಿದಷ್ಟೂ ಬಿಗಿಯಾಗುತ್ತ ಹೋಗುತ್ತದೆ. ಸ್ನಾಯುವಿನೊಳಗೆ ಸ್ಪ್ರಿಂಗಿನಂತೆ ಕೆಲಸ ಮಾಡುವ ಟೈಟಿನ್ ಎಂಬ ಪ್ರೋಟೀನಿನ ಪರಿಚಯವಾಗಲು 1970ರ ದಶಕದವರೆಗೆ ಕಾಯಬೇಕಾಯಿತು.

ಮೈ ಬಗ್ಗದಿದ್ದರೆ ಎಲ್ಲರೂ ದೂರುವುದು ಸ್ನಾಯುವನ್ನೇ. ಅದೊಂದೇ ತಪ್ಪಿತಸ್ಥನೇ? 1962ರಲ್ಲಿ ರಿಚರ್ಡ್ ಜಾನ್ಸ್ ಮತ್ತು ವರ್ನಾ ರೈಟ್ ಎಂಬ ವೈದ್ಯರಿಬ್ಬರು ಬೆಕ್ಕಿನ ಮಣಿಕಟ್ಟಿನಲ್ಲಿ ಇದರ ಲೆಕ್ಕ ತೆಗೆದರು. ಕೀಲಿನ ಬಿಗಿತದಲ್ಲಿ ಚರ್ಮದ ಪಾಲು ಶೇ 2, ಸ್ನಾಯುವನ್ನು ಮೂಳೆಗೆ ಬಿಗಿಯುವ ರಜ್ಜುವಿನ ಪಾಲು ಶೇ 10, ಸ್ನಾಯುವಿನದು ಶೇ 41. ಎಲ್ಲಕ್ಕಿಂತ ಹೆಚ್ಚು, ಅಂದರೆ ಶೇ 47, ಕೀಲನ್ನು ಚೀಲದಂತೆ ಸುತ್ತಿಕೊಂಡ ಪೊರೆಯದು. ಹಾಗಿದ್ದರೂ ಜನರ ಗಮನವೆಲ್ಲ ಸ್ನಾಯುವಿನ ಮೇಲೇ ಉಳಿಯಿತು.

ಅದಕ್ಕೆ ಇಂಬು ಕೊಟ್ಟದ್ದು 1972ರ ಇನ್ನೊಂದು ಪ್ರಯೋಗ. ಬೆಕ್ಕಿನ ಕಾಲಿಗೆ ನಾಲ್ಕು ವಾರ ಪ್ಲಾಸ್ಟರ್ ಹಾಕಿ, ಮೀನಖಂಡದ ಒಂದು ಸ್ನಾಯುವನ್ನು ಕುಗ್ಗಿದ ಸ್ಥಿತಿಯಲ್ಲೇ ಇಟ್ಟಾಗ, ಉದ್ದಕ್ಕೆ ಸಾಲಾಗಿ ಜೋಡಣೆಯಾಗಿರುವ ಅದರ ಸೂಕ್ಷ್ಮ ಘಟಕಗಳಲ್ಲಿ ಶೇ 40ರಷ್ಟು ನಾಶವಾದವು. ಹಿಗ್ಗಿಸಿ ಇಟ್ಟಾಗ ಘಟಕಗಳು ಶೇ 20ರ ಆಸುಪಾಸು ಹೆಚ್ಚಿದವು. ಪ್ಲಾಸ್ಟರ್ ತೆಗೆದ ಮೇಲೆ ಎಲ್ಲ ಮೊದಲಿನಂತಾಯಿತು. ಸ್ನಾಯು ಉದ್ದವಾಗಬಲ್ಲದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ ಎಂದು ಹಲವರು ಭಾವಿಸಿದರು. ಆದರೆ ಪ್ಲಾಸ್ಟರ್ ಹಗಲೂ ರಾತ್ರಿಯೂ ಬಿಡದೆ ಹಿಡಿದಿರುತ್ತದೆ. ಬೆಳಿಗ್ಗೆ ಐದು ನಿಮಿಷ ಬಗ್ಗಿ ಏಳುವವರಿಗೆ ಆ ಲೆಕ್ಕ ಹೇಗೆ ಹೊಂದೀತು?

ನಿಜವಾದ ಪರೀಕ್ಷೆ ನಡೆದದ್ದು ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ. ಪೀಟರ್ ಮಾಗ್ನುಸನ್ ಮತ್ತು ಸಂಗಡಿಗರು 1996ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಯಂತ್ರವೊಂದು ಕುಳಿತವರ ಮೊಣಕಾಲನ್ನು ನಿಧಾನವಾಗಿ ಬಿಡಿಸುತ್ತಿತ್ತು. ಕಾಲು ಎಷ್ಟು ಬಲದಿಂದ ವಿರೋಧಿಸುತ್ತದೆ ಎಂಬುದನ್ನು ಅಳೆಯಲಾಗುತ್ತಿತ್ತು. ಸ್ನಾಯು ತಾನಾಗಿ ಸೆಟೆಯುತ್ತಿಲ್ಲ ಎಂಬುದನ್ನು ವಿದ್ಯುತ್ ಸಂಕೇತಗಳಿಂದ ಖಚಿತಪಡಿಸಿಕೊಂಡರು. ಒಂದು ಕಾಲಿಗೆ ಸುಮಾರು ಮೂರು ವಾರ ದಿನವೂ ಹಿಗ್ಗಿಸುವ ವ್ಯಾಯಾಮ, ಇನ್ನೊಂದಕ್ಕೆ ಏನೂ ಇಲ್ಲ.

ಇಲ್ಲಿನ ತರ್ಕ ಪೈಜಾಮದ ಎಲಾಸ್ಟಿಕ್ಕಿನದು. ಎಲಾಸ್ಟಿಕ್ ಸಡಿಲವಾಗಿದ್ದರೆ ಮೊದಲಿನಷ್ಟೇ ದೂರ ಎಳೆಯಲು ಈಗ ಕಡಿಮೆ ಬಲ ಸಾಕು. ಫಲಿತಾಂಶ ಹಾಗೆ ಬರಲಿಲ್ಲ. ಅದೇ ಕೋನದಲ್ಲಿ ಕಾಲಿನ ಬಿಗಿತ ಮೂರು ವಾರದ ಹಿಂದೆ ಇದ್ದಷ್ಟೇ ಇತ್ತು. ಆದರೂ ವ್ಯಾಯಾಮ ಮಾಡಿದ ಕಾಲು ಮೊದಲಿಗಿಂತ ಹೆಚ್ಚು ದೂರ ಬಿಚ್ಚಿಕೊಂಡಿತ್ತು. ‘ಸಾಕು, ನಿಲ್ಲಿಸಿ’ ಎನ್ನುವ ಮೊದಲು ಅವರು ತಾಳಿಕೊಂಡ ಎಳೆತ ಹೆಚ್ಚಿತ್ತು, ಅಷ್ಟೆ. ಬದಲಾದದ್ದು ಸ್ನಾಯುವಲ್ಲ, ನೋವನ್ನು ಸಹಿಸುವ ಶಕ್ತಿ. ಹಾಗಾದರೆ ವ್ಯಾಯಾಮ ಮುಗಿದಾಕ್ಷಣ ಅನುಭವಕ್ಕೆ ಬರುವ ಸಡಿಲತೆ ಸುಳ್ಳೇ? ಸುಳ್ಳಲ್ಲ. ಎಳೆದು ಹಿಡಿದಾಗ ಬಿಗಿತ ಇಳಿಯುವುದು ನಿಜ. ಆದರೆ ಐದು ಬಾರಿ ಎಳೆದ ಸ್ನಾಯು ಒಂದು ಗಂಟೆಯ ನಂತರ ಮೊದಲಿನಂತಾಗಿತ್ತು ಎಂಬುದನ್ನೂ ಇದೇ ತಂಡ ತೋರಿಸಿತು.

ಎಲ್ಲರ ಅಳತೆಯೂ ಒಂದೇ ಬಗೆಯಾಗಿ ಬಂದಿಲ್ಲ ಎಂಬುದನ್ನು ಹೇಳಲೇಬೇಕು. ಬ್ರಸೆಲ್ಸ್‌ನ ಗಿಸಾರ್ ಮತ್ತು ಡ್ಯೂಶಾಟೋ 2004ರಲ್ಲಿ, ಆರು ವಾರದ ಅಭ್ಯಾಸದಿಂದ ಮೀನಖಂಡದ ಬಿಗಿತ ಇಳಿಯಿತೆಂದು ವರದಿ ಮಾಡಿದರು. ಇನ್ನೊಂದೆಡೆ ಆಸ್ಟ್ರೇಲಿಯಾದ ಸಂಶೋಧಕಿಯರಾದ ಮಾರ್ಷಾ ಬೆನ್ ಮತ್ತು ಲೀಸಾ ಹಾರ್ವೆ ಆರೋಗ್ಯವಂತರಿಂದ ದಿನಕ್ಕೆ ಅರ್ಧ ಗಂಟೆಯಂತೆ ಆರು ವಾರ ವ್ಯಾಯಾಮ ಮಾಡಿಸಿದರು. 2010ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಕೋಪನ್‌ಹೇಗನ್ನಿನ ಮಾತನ್ನೇ ಎತ್ತಿಹಿಡಿಯಿತು.

ಕ್ರೀಡಾಪಟುಗಳಿಗೆ ಇದರಿಂದ ದೊಡ್ಡ ನಷ್ಟವೇನಿಲ್ಲ. ಬೆರಳು ಪಾದ ಮುಟ್ಟಿದರೆ ಅವರಿಗೆ ಸಾಕು, ಕಾರಣ ಯಾವುದಾದರೇನು? ಕಷ್ಟವಿರುವುದು ಪಾರ್ಶ್ವವಾಯು ಬಡಿದವರಿಗೆ, ಬೆನ್ನುಹುರಿಗೆ ಪೆಟ್ಟು ಬಿದ್ದವರಿಗೆ. ಅವರ ಕೈಕಾಲು ಮಡಚಿದಲ್ಲೇ ಪೆಡಸಾಗದಿರಲಿ ಎಂದು ಫಿಸಿಯೋಥೆರಪಿಸ್ಟರೂ ಮನೆಯವರೂ ದಿನವೂ ಹೊತ್ತುಗಟ್ಟಲೆ ಎಳೆದು ಹಿಡಿಯುವುದು ಹಲವು ದೇಶಗಳಲ್ಲಿ ರೂಢಿ. ಸ್ಪರ್ಶಜ್ಞಾನವೇ ಇಲ್ಲದ ಕಾಲಿಗೆ ಸಹನೆ ಹೆಚ್ಚಿಸಿಕೊಳ್ಳುವುದೆಂತು? ಹಾರ್ವೆ ಮತ್ತು ಸಹೋದ್ಯೋಗಿಗಳು 49 ಅಧ್ಯಯನಗಳನ್ನು ಒಟ್ಟಿಗಿಟ್ಟು ಪರಿಶೀಲಿಸಿ 2017ರಲ್ಲಿ ವರದಿ ಕೊಟ್ಟರು. ನರಸಂಬಂಧಿ ಕಾಯಿಲೆ ಇರಲಿ ಇಲ್ಲದಿರಲಿ, ಎಳೆತದಿಂದ ಕೀಲಿನ ಚಲನೆಗೆ ಹೇಳಿಕೊಳ್ಳುವಂಥ ಲಾಭವಿಲ್ಲ ಎಂಬುದು ಅದರ ಸಾರ. ಆ 49ರಲ್ಲಿ ಒಂದೂ ಎಳೆತವನ್ನು ಏಳು ತಿಂಗಳಿಗಿಂತ ಹೆಚ್ಚು ಕಾಲ ಮುಂದುವರಿಸಿದ್ದಲ್ಲ.