ಬೆಂಟ್ಲಿಯೂ ಬುಗಾಟಿಯೂ

1930ನೆಯ ಇಸವಿ ಸೆಪ್ಟೆಂಬರ್ 21ರಂದು ಫ್ರಾನ್ಸ್ ದೇಶದ ಪೋ ಪಟ್ಟಣದ ಬಳಿ ನಡೆದ ಫ್ರೆಂಚ್ ಗ್ರಾಂಡ್ ಪ್ರೀ ಪಂದ್ಯವು ಮೋಟಾರಿನ ಚರಿತ್ರೆಯಲ್ಲಿ ಒಂದು ವಿಚಿತ್ರ ಪ್ರಸಂಗವಾಗಿದೆ. ಹಗುರವಾದ ಬುಗಾಟಿಗಳ ನಡುವೆ, ನಾಲ್ವರು ಕುಳಿತುಕೊಳ್ಳಬಹುದಾದ ಭಾರಿ ಬೆಂಟ್ಲಿಯೊಂದನ್ನು ಹೆನ್ರಿ ಬರ್ಕಿನ್ ಎಂಬ ಆಂಗ್ಲೇಯನು ನಡೆಸಿದನು. ಕುದುರೆಗಳ ಸಾಲಿನಲ್ಲಿ ಆನೆಯನ್ನು ಓಡಿಸಿದಂತೆ! ಆದರೂ ಆ ಆನೆಗೆ ಎರಡನೆಯ ಸ್ಥಾನ ದೊರೆಯಿತು.

ಈ ಎರಡು ಗಾಡಿಗಳ ಭೇದವನ್ನು ತಿಳಿಯಬೇಕಾದರೆ ಅವುಗಳ ನಿರ್ಮಾಪಕರ ಬಾಲ್ಯಶಿಕ್ಷಣವನ್ನು ನೋಡಬೇಕು. ಬೆಂಟ್ಲಿಯು ಡಾಂಕಾಸ್ಟರಿನ ರೈಲ್ವೆ ಕಾರ್ಖಾನೆಯಲ್ಲಿ ಉಗಿಯಂತ್ರಗಳ ನಡುವೆ ಕೆಲಸ ಕಲಿತವನು. ಎಟ್ಟೋರೆ ಬುಗಾಟಿಯಾದರೋ 1881ರಲ್ಲಿ ಮಿಲಾನ್ ನಗರದಲ್ಲಿ ಕಲಾವಿದರ ಮನೆಯಲ್ಲಿ ಹುಟ್ಟಿದವನು. ತಂದೆ ಪೀಠೋಪಕರಣಗಳ ಶಿಲ್ಪಿ, ತಮ್ಮನು ಪ್ರಾಣಿಗಳ ಪ್ರತಿಮೆಗಳನ್ನು ರಚಿಸಿದವನು. ಬೆಂಟ್ಲಿಯ ಗಾಡಿಗಳು ಅತಿ ವೇಗದ ಲಾರಿಗಳೆಂದು ಬುಗಾಟಿಯು ಹಾಸ್ಯಮಾಡಿದನೆಂಬ ಮಾತು ಪ್ರಚಾರದಲ್ಲಿದೆ. ಆಡಿದ್ದು ನಿಜವೋ ಅಲ್ಲವೋ, ಆ ಬಾಯಿಗೆ ಒಪ್ಪುವ ಮಾತೇನೋ ಹೌದು.

ಆಲ್ಸೇಸ್ ಪ್ರಾಂತದ ಮೋಲ್ಸ್‌ಹೈಮಿನಲ್ಲಿ ತಯಾರಾಗಿ 1924ರಲ್ಲಿ ಲಿಯಾನ್ ಪಂದ್ಯದಲ್ಲಿ ಮೊದಲು ಕಾಣಿಸಿಕೊಂಡ ಬುಗಾಟಿಯ 35ನೆಯ ಮಾದರಿಗೆ ಸಾಲಾಗಿ ನಿಂತ ಎಂಟು ಸಣ್ಣ ಸಿಲಿಂಡರುಗಳು. ಒಟ್ಟು ಗಾತ್ರ 1991 ಘನ ಸೆಂಟಿಮೀಟರು. ತೂಕವನ್ನು ಉಳಿಸುವುದೇ ಅದರ ಮಂತ್ರ. ಚಕ್ರವನ್ನು ಅಲ್ಯೂಮಿನಿಯಮ್ಮಿನಲ್ಲಿ ಎರಕಹೊಯ್ದು ಬ್ರೇಕಿನ ಡ್ರಮ್ಮನ್ನೂ ಅದರೊಡನೆ ಸೇರಿಸಿದ್ದರು. ಮುಂದಿನ ಅಚ್ಚನ್ನು ಟೊಳ್ಳಾಗಿ ಮಾಡಿದ್ದರು. ಸಿಸಿಲಿ ದ್ವೀಪದ ತಿರುವುಮುರುವಿನ ಬೆಟ್ಟದ ದಾರಿಯಲ್ಲಿ ನಡೆಯುತ್ತಿದ್ದ ಟಾರ್ಗಾ ಫ್ಲೋರಿಯೋ ಪಂದ್ಯವನ್ನು ಬುಗಾಟಿಗಳು 1925ರಿಂದ 1929ರವರೆಗೆ ಪ್ರತಿ ವರ್ಷವೂ ಗೆದ್ದುವು.

ಬೆಂಟ್ಲಿಯದು ನಾಲ್ಕೇ ಸಿಲಿಂಡರು. ಗಾತ್ರ 4398 ಘನ ಸೆಂಟಿಮೀಟರು. ಇದಕ್ಕೆ ಬರ್ಕಿನ್ನನು, ಇಂಧನವನ್ನೂ ಗಾಳಿಯನ್ನೂ ಒತ್ತಿ ತುಂಬುವ ಸೂಪರ್‌ಚಾರ್ಜರನ್ನು ರೇಡಿಯೇಟರಿನ ಮುಂದೆ ಕಟ್ಟಿಸಿದನು. ಸುಮಾರು 110 ಅಶ್ವಶಕ್ತಿಯ ಯಂತ್ರವು ಪಂದ್ಯದ ರೂಪದಲ್ಲಿ 240ರವರೆಗೆ ಏರಿತು. ಬೆಂಟ್ಲಿಗೆ ಇದು ಸರ್ವಥಾ ಸಮ್ಮತವಿರಲಿಲ್ಲ: ಶಕ್ತಿ ಬೇಕಾದರೆ ಯಂತ್ರವನ್ನು ದೊಡ್ಡದು ಮಾಡಬೇಕು, ಒತ್ತಿ ತುಂಬಿದರೆ ಅದು ಕೆಡುವುದೆಂದು ಅವನ ವಾದ. ಡೊರೊಥಿ ಪ್ಯಾಜೆಟ್ ಎಂಬ ಶ್ರೀಮಂತ ಮಹಿಳೆಯ ಹಣದಿಂದ ಬರ್ಕಿನ್ನನ ಹಟ ಗೆದ್ದಿತು. ನಿಯಮಕ್ಕಾಗಿ ಕಾರ್ಖಾನೆಯು ಅಂತಹ 50 ಗಾಡಿಗಳನ್ನು ಮಾಡಬೇಕಾಯಿತು.

ಯಾರ ಮಾತು ಸರಿ? 1930ರ ಜೂನಿನಲ್ಲಿ ಲೆ ಮಾನ್ಸಿನ 24 ಗಂಟೆಗಳ ಪಂದ್ಯವೇ ತೀರ್ಪು ಕೊಟ್ಟಿತೆಂದು ನಾವು ಭಾವಿಸುತ್ತೇವೆ. ಬರ್ಕಿನ್ನನ ತಂಡದ ಗಾಡಿಗಳು ಕೆಟ್ಟು ನಿಂತುವು. ಸೂಪರ್‌ಚಾರ್ಜರಿಲ್ಲದ ಆರೂವರೆ ಲೀಟರಿನ ಬೆಂಟ್ಲಿಗಳು ಮೊದಲೆರಡು ಸ್ಥಾನಗಳನ್ನು ಪಡೆದುವು. ಆದರೆ ಪೋ ಪಟ್ಟಣದ ಉದ್ದವಾದ ನೇರ ರಸ್ತೆಗಳಲ್ಲಿ ಬರ್ಕಿನ್ನನ ಗಾಡಿಯ ಬಲಕ್ಕೆ ತಕ್ಕ ಅವಕಾಶ ಸಿಕ್ಕಿತು. ಬುಗಾಟಿಯಲ್ಲಿದ್ದ ಎಟಾನ್ಸಲಿನ್ ಮೂರು ನಿಮಿಷಗಳಿಗಿಂತ ಸ್ವಲ್ಪ ಹೆಚ್ಚಿನ ಅಂತರದಿಂದ ಗೆದ್ದನು. ಉಳಿದ ಬುಗಾಟಿಗಳೆಲ್ಲ ಬೆಂಟ್ಲಿಯ ಹಿಂದೆ ಉಳಿದುವು.

ಅದಕ್ಕಿಂತ ದೊಡ್ಡ ಜಯವು ಆ ಮಾದರಿಗೆ ಎಂದೂ ದೊರೆಯಲಿಲ್ಲ. 1931ರಲ್ಲಿ ಬೆಂಟ್ಲಿಯ ಸಂಸ್ಥೆ ಸಾಲದಲ್ಲಿ ಮುಳುಗಿ ರೋಲ್ಸ್ ರಾಯ್ಸಿನ ಕೈಸೇರಿತು. 1998ರಲ್ಲಿ ಜರ್ಮನಿಯ ಫೋಕ್ಸ್‌ವ್ಯಾಗನ್ ಸಂಸ್ಥೆಯು ಬೆಂಟ್ಲಿಯನ್ನು ಕೊಂಡಿತು. ಅದೇ ವರ್ಷ ಬುಗಾಟಿಯ ಹೆಸರನ್ನೂ ಕೊಂಡಿತು.